ಮಿದುಳಿಲ್ಲದ ಯಂತ್ರ ಮಿದುಳಿನ ಬಗ್ಗೆ ಏನು ಹೇಳೀತು?

ಪ್ರಶ್ನೆ: ಎಐ ಮಾದರಿ ಇಟ್ಟುಕೊಂಡು ಮನುಷ್ಯರ ಮಿದುಳನ್ನು ಅಧ್ಯಯನ ಮಾಡುತ್ತಾರಂತೆ. ಯಂತ್ರಕ್ಕೆ ಮಿದುಳೇ ಇಲ್ಲವಲ್ಲ, ಅದರಿಂದ ಏನು ತಿಳಿಯುತ್ತದೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮೂರಿನ ಮಾತನ್ನೇ ತಗೊಳ್ಳೋಣ. "ಮೋಡ ಕಟ್ಟಿತು, ಅಂಗಳದ ಅಡಿಕೆ ಬೇಗ..." ಎಂದು ನಿಲ್ಲಿಸಿದರೆ ಮುಂದಿನ ಪದ ನಿಮಗೆ ಆಗಲೇ ಹೊಳೆದಿರುತ್ತದೆ, ಅಲ್ವಾ? 'ಬಾಚಿ' ಅಥವಾ 'ಒಳಗೆ'. ಭಾಷಾ ಮಾದರಿಗೆ, ಅಂದರೆ ಬರಹಗಳನ್ನು ಓದಿ ಭಾಷೆ ಕಲಿತ ಎಐಗೆ, ಕಲಿಸುವುದೂ ಮುಂದಿನ ಪದ ಊಹಿಸುವುದನ್ನೇ. 'ಬಾಚಿ' ಬರುವ ಸಾಧ್ಯತೆ ಎಷ್ಟು, 'ರೈಲು' ಬರುವ ಸಾಧ್ಯತೆ ಎಷ್ಟು ಎಂದು ಅದು ಅಂಕಿ ಕೊಡುತ್ತದೆ. ವಿಜ್ಞಾನಿಗಳಿಗೆ ಬೇಕಿದ್ದದ್ದು ಈ ಅಂಕಿ.

2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನು ನೋಡಿ. ಮೂರ್ಛೆರೋಗದ ಚಿಕಿತ್ಸೆಗೆಂದು ಮಿದುಳಿಗೆ ಎಲೆಕ್ಟ್ರೋಡ್ (ಮಿದುಳಿನ ವಿದ್ಯುತ್ ಸಂಕೇತ ಹಿಡಿಯುವ ಸಣ್ಣ ತಟ್ಟೆ ಅಥವಾ ತಂತಿ) ಹಾಕಿಸಿಕೊಂಡಿದ್ದ 9 ಮಂದಿಗೆ ಅರ್ಧ ಗಂಟೆಯ ಕಥೆ ಕೇಳಿಸಿದರು. ಅದೇ ಕಥೆಯನ್ನು ಜಿಪಿಟಿ-2 ಎಂಬ ಭಾಷಾ ಮಾದರಿಗೂ ಕೊಟ್ಟು, ಅದರ ಊಹೆಯನ್ನು ಮಿದುಳಿನ ಸಂಕೇತದ ಜೊತೆ ಪದಪದಕ್ಕೂ ತಾಳೆ ನೋಡಿದರು. ಪದ ಕಿವಿಗೆ ಬೀಳುವ ಮೊದಲೇ ಅದರ ಊಹೆಯ ಸುಳಿವು ಮಿದುಳಿನಲ್ಲಿತ್ತು! ಊಹಿಸದ ಪದ ಬಂದರೆ ಆಮೇಲೆ ಅಚ್ಚರಿಯ ಗುರುತೂ ಕಾಣುತ್ತಿತ್ತು. ಅಳೆಯಲು ಮಾದರಿ ಇಲ್ಲದಿದ್ದರೆ ಇದನ್ನು ಹಿಡಿಯುವುದು ಬಹಳ ಕಷ್ಟವಿತ್ತು.

ಶಿವಮೊಗ್ಗದಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದಾಗ ಫಾರ್ಮಲಿನ್ ಜಾರಿನಲ್ಲಿದ್ದ ಕುರಿಯ ಮಿದುಳು ತೋರಿಸಿ, ಒಂದೊಂದು ಭಾಗಕ್ಕೂ ಹೆಸರು ಹೇಳಿಸುತ್ತಿದ್ದೆ. ಮಾಸಲು ಬಣ್ಣದ ಆ ಮುದ್ದೆ ನೋಡಿ "ಇದು ಯೋಚಿಸೋದು ಹೇಗೆ ಸಾರ್?" ಎಂದು ಮಕ್ಕಳು ಕೇಳುತ್ತಿದ್ದರು. ಜಾರಿನೊಳಗಿನ ಮಿದುಳಿನಿಂದ ಅದಕ್ಕೆ ಉತ್ತರ ಸಿಗುತ್ತಿರಲಿಲ್ಲ. ಮಾದರಿಯನ್ನಾದರೆ ಬಿಚ್ಚಬಹುದು, ಒಂದು ಭಾಗ ಕೆಡಿಸಿ ಏನಾಗುತ್ತದೆ ನೋಡಬಹುದು. ಬದುಕಿರುವ ಮನುಷ್ಯರ ಮೇಲೆ ಹಾಗೆ ಮಾಡುವಂತಿಲ್ಲ. ಹಾಗಂತ ಎರಡೂ ಒಂದೇ ಎಂದು ನಂಬಬೇಡಿ. ಈ ಮಾದರಿಗಳು ಕೋಟಿಗಟ್ಟಲೆ ವಾಕ್ಯ ಓದಿ ಕಲಿತವು. ನಮ್ಮ ಮಗು ಅಜ್ಜಿಯ ಮಡಿಲಲ್ಲಿ ಕೇಳಿದ ಮಾತಿನಿಂದಲೇ ಕಲಿಯುತ್ತದೆ. ಅದು ಹೇಗೆ ಎಂಬುದೇ ನನ್ನನ್ನು ಜಾಸ್ತಿ ಕಾಡುವ ಪ್ರಶ್ನೆ.

ಪ್ರಶ್ನೆ: ಪಾರ್ಶ್ವವಾಯು ಆದ ಮೇಲೆ ಅಪ್ಪನಿಗೆ ಮಾತು ಹೊರಡುತ್ತಿಲ್ಲ. ಎಐ ಅವರ ಮನಸ್ಸು ಓದಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಪ್ರಯೋಗಗಳ ಹೊರಗೆ, ಸದ್ಯಕ್ಕೆ ಯಾರು ಬೇಕಾದರೂ ಮನೆಯಲ್ಲಿ ಬಳಸುವಂಥದ್ದು ಯಾವುದೂ ಇಲ್ಲ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದ ಒಬ್ಬರ ಮಿದುಳಿನ ಮೇಲೆ ಎಲೆಕ್ಟ್ರೋಡ್ ಇಟ್ಟು, ಅವರು ಹೇಳಲು ಯತ್ನಿಸಿದ ಪದಗಳನ್ನು ಪರದೆ ಮೇಲೆ ತೋರಿಸಿದರು. ಒಟ್ಟು 50 ಪದಗಳ ಪಟ್ಟಿ, ಅಷ್ಟೇ. ಅದಕ್ಕೆ ಆಪರೇಷನ್ ಬೇಕು, ತಿಂಗಳುಗಟ್ಟಲೆ ಅಭ್ಯಾಸವೂ ಬೇಕು. ನಿಮ್ಮ ತಂದೆಗೆ ಅರ್ಥವಾಗುತ್ತಿದೆಯೇ, ಪದ ಸಿಗುತ್ತಿಲ್ಲವೇ, ನಾಲಿಗೆ ತಿರುಗುತ್ತಿಲ್ಲವೇ ಎಂದು ಮೊದಲು ನರರೋಗ ತಜ್ಞರಲ್ಲಿ ಕೇಳಿ. ಮೂರೂ ಬೇರೆ ಬೇರೆ ತೊಂದರೆ. ಸ್ಪೀಚ್ ಥೆರಪಿ ತಡಮಾಡದೆ ಶುರು ಮಾಡಿಸಿ. ಮನೆಯಲ್ಲಿ ಅವರ ಬದಲು ನೀವೇ ವಾಕ್ಯ ಮುಗಿಸಬೇಡಿ, ಕಾಯಿರಿ.