ಮುಳ್ಳು ಕುಣಿಯುತ್ತಿದ್ದರೆ ಮೀಟರ್‌ ಬಿಚ್ಚಬೇಡಿ, ಕೇಬಲ್‌ ಎಳೆಯಿರಿ

ನಿಮ್ಮ ಹಳೆಯ ಬುಲೆಟ್‌ನ ಸ್ಪೀಡೋಮೀಟರ್‌ ಮುಳ್ಳು 30ರಿಂದ 60ರವರೆಗೆ ಕುಣಿಯುತ್ತದೆ, ಕಿಲೋಮೀಟರ್‌ ಅಂಕಿಗಳು ಮಾತ್ರ ಸರಿಯಾಗಿ ಓಡುತ್ತಿವೆ, ಹೀಗಿರುವಾಗ ಮೀಟರನ್ನು ಬಿಚ್ಚಿ ರಿಪೇರಿ ಮಾಡಿಸಲೇ ಅಥವಾ ಹೊಸದನ್ನೇ ಹಾಕಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಮೀಟರ್‌ ಕೆಟ್ಟಿಲ್ಲ ಎಂಬುದೇ ನನ್ನ ಊಹೆ. ಹದಿನೈದು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಹೊತ್ತುಕೊಂಡು ತಿರುಗಿ, ಚೆನ್ನಾಗಿದ್ದ ಮೀಟರೊಂದನ್ನು ಕೈಯಾರೆ ಹಾಳು ಮಾಡಿದವನು.

ನನ್ನದು ಚಿಕ್ಕಪ್ಪನಿಂದ ಬಂದ 1984ರ ಬುಲೆಟ್‌ 350. ಗಾಡಿ ನನ್ನ ಕೈಗೆ ಬಂದಾಗ ಅದರ ಮುಳ್ಳು ನಿಮ್ಮದರಂತೆಯೇ ನಡುಗುತ್ತಿತ್ತು. ಮೆಲ್ಲಗೆ ಹೋಗುವಾಗ ಹೆಚ್ಚು, ವೇಗ ಏರಿದಂತೆ ಕಡಿಮೆ. ಚಕ್ರದಿಂದ ಮೀಟರಿಗೆ ಬರುವ ಕೇಬಲ್‌ ಒಣಗಿರಬೇಕು ಎಂದು ಊಹಿಸಿದೆ, ತೊಂದರೆ ಕೇಬಲ್‌ನಲ್ಲೇ ಎಂಬಷ್ಟರ ಮಟ್ಟಿಗೆ ಊಹೆ ಸರಿಯಾಗಿಯೇ ಇತ್ತು. ಮಾಡಿದ ಮದ್ದು ಮಾತ್ರ ತಪ್ಪಾಯಿತು. ಹೆಡ್‌ಲೈಟ್‌ ಬಿಚ್ಚಿ, ಹೆಡ್‌ಲೈಟನ್ನೂ ಮೀಟರನ್ನೂ ಹಿಡಿದಿರುವ ಕ್ಯಾಸ್ಕೆಟ್‌ ಎಂಬ ಲೋಹದ ಗೂಡಿನೊಳಗೆ ಕೈ ತೂರಿಸಿ, ಮೀಟರ್‌ ಕೆಳಗಿನ ಗರಗಸದಂಚಿನ ನಟ್ಟನ್ನು ತಿರುಗಿಸಿ ಕೇಬಲ್‌ನ ಮೇಲ್ತುದಿಯನ್ನು ಹೊರಗೆಳೆದೆ. ಪ್ಲಾಸ್ಟಿಕ್‌ ಚೀಲದ ಮೂಲೆಯನ್ನು ಕತ್ತರಿಸಿ ಆಲಿಕೆ ಮಾಡಿ ಆ ತುದಿಗೆ ಕಟ್ಟಿ, ಅದರಲ್ಲಿ ಎಂಜಿನ್‌ ಆಯಿಲ್‌ ತುಂಬಿಸಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ನೋಡಿದರೆ ಮುಂದಿನ ಚಕ್ರದ ಹತ್ತಿರ, ಕೇಬಲ್‌ನ ಕೆಳತುದಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಆ ತೊಟ್ಟನ್ನು ನೋಡಿ ಕೆಲಸ ಅಚ್ಚುಕಟ್ಟಾಗಿದೆ ಎಂದು ಹಿಗ್ಗಿದ್ದು ಇಂದಿಗೂ ನೆನಪಿದೆ.

ಅಂದೇ ಶಿವಮೊಗ್ಗದಿಂದ ಸಾಗರಕ್ಕೆ ಹೊರಟೆ. ಕುಂಸಿ ದಾಟುವವರೆಗೂ ಮುಳ್ಳು ಗೋಡೆಗೆ ಹೊಡೆದ ಮೊಳೆಯಂತೆ ಒಂದೇ ಕಡೆ ನಿಂತಿತ್ತು. ಆನಂದಪುರ ಹತ್ತಿರವಾಗುವಷ್ಟರಲ್ಲಿ, ಲಾರಿಯೊಂದರ ಹಿಂದೆ ನಿಧಾನವಾಗಿ ಸಾಗುತ್ತಿದ್ದರೂ ಮೀಟರ್‌ 80 ತೋರಿಸತೊಡಗಿತು. ಸಾಗರದ ಪೇಟೆಯೊಳಗೆ ಹೋಗಿ ಗಾಡಿ ನಿಲ್ಲಿಸಿದಾಗ ಎಂಜಿನ್‌ ಬಂದ್‌ ಆಗಿತ್ತು, ಚಕ್ರ ನಿಂತಿತ್ತು, ಮುಳ್ಳು ಮಾತ್ರ ಸೊನ್ನೆಗೆ ಮರಳದೆ 40ರ ಹತ್ತಿರ ಒರಗಿಕೊಂಡಿತ್ತು.

ಏನಾಯಿತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಇದೊಂದು ಅರ್ಥವಾದರೆ ನೀವು ಆ ತಪ್ಪನ್ನು ಮಾಡುವುದಿಲ್ಲ. ಈ ಮೀಟರ್‌ಗಳಲ್ಲಿ ಕೇಬಲ್‌ಗೂ ಮುಳ್ಳಿಗೂ ನೇರವಾದ ಕೊಂಡಿಯೇ ಇಲ್ಲ. ಕೇಬಲ್‌ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ; ಆ ಅಯಸ್ಕಾಂತವನ್ನು ಮುಟ್ಟದಂತೆ, ಕೂದಲೆಳೆಯಷ್ಟು ಅಂತರದಲ್ಲಿ ಒಂದು ಅಲ್ಯೂಮಿನಿಯಂ ಬಟ್ಟಲು ಕೂತಿರುತ್ತದೆ; ಮುಳ್ಳು ಇರುವುದು ಆ ಬಟ್ಟಲಿನ ಕಡ್ಡಿಯ ಮೇಲೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್‌ ಹುಟ್ಟಿ ಬಟ್ಟಲನ್ನೂ ಅದರ ಹಿಂದೆ ತಿರುಗುವಂತೆ ಎಳೆಯುತ್ತದೆ, ಗಡಿಯಾರದಲ್ಲಿರುವಂಥ ತೆಳುವಾದ ಸುರುಳಿ ಸ್ಪ್ರಿಂಗ್‌ ಅದನ್ನು ಹಿಂದಕ್ಕೆ ಎಳೆಯುತ್ತದೆ, ಈ ಎರಡು ಸೆಳೆತಗಳು ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಆಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್‌ ಪಡೆದ ಉಪಾಯ ಇದು. ಇದರ ಬುದ್ಧಿವಂತಿಕೆಯೆಲ್ಲ ಇರುವುದು ಆ ಖಾಲಿ ಅಂತರದಲ್ಲಿ.

ಇನ್ನು ಔಟರ್‌ ಎಂಬ ಹೊರಕವಚದ ಒಳಗಿನ ಕೇಬಲನ್ನು ನೋಡಿ. ಅದು ಹಗ್ಗ ಹೊಸೆದಂತೆ ಸುತ್ತಿದ ಉಕ್ಕಿನ ತಂತಿ, ಮೈ ತುಂಬ ಸುರುಳಿ ಗೆರೆಗಳು. ಬ್ರಿಟನ್ನಿನ ಸ್ಮಿತ್ಸ್‌ ಕಂಪನಿಯ ಹಳೆಯ ಮೀಟರ್‌ಗಳ ಮುಖದ ಮೇಲೆ 1600 ಎಂಬ ಪುಟ್ಟ ಅಂಕಿಯನ್ನು ನೀವು ನೋಡಿರಬಹುದು. ಒಂದು ಮೈಲಿ ದೂರಕ್ಕೆ ಕೇಬಲ್‌ ಅಷ್ಟು ಸುತ್ತು ತಿರುಗುತ್ತದೆ ಎಂದು ಅದರ ಅರ್ಥ. ಅಂದರೆ ಗಂಟೆಗೆ 60 ಕಿಲೋಮೀಟರ್‌ ವೇಗದಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ 1000 ಸುತ್ತು. ಅಷ್ಟು ವೇಗವಾಗಿ ತಿರುಗುವ ಸುರುಳಿಯ ಮೈಗೆ ತೆಳುವಾದ ಎಣ್ಣೆ ಹಚ್ಚಿದರೆ, ಆ ಸುರುಳಿ ತಿರುಪಿನಂತೆ ಕೆಲಸ ಮಾಡಿ ಎಣ್ಣೆಯನ್ನು ಮೇಲಕ್ಕೆ ಏರಿಸುತ್ತದೆ. ನಾನು ಶಿವಮೊಗ್ಗದಿಂದ ಸಾಗರದವರೆಗೆ ಎಪ್ಪತ್ತು ಕಿಲೋಮೀಟರ್‌ ಉದ್ದಕ್ಕೂ ನನ್ನ ಮೀಟರಿನೊಳಗೆ ಎಣ್ಣೆಯನ್ನು ಪಂಪ್‌ ಮಾಡುತ್ತಲೇ ಹೋಗಿದ್ದೆ. ಮೇಲೇರಿದ ಎಣ್ಣೆ ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವಿನ ಅಂತರವನ್ನು ತುಂಬಿತು. ಬೆಲ್ಲದ ಪಾಕ ತಿರುವುವಾಗ ಪಾತ್ರೆಯನ್ನು ಹಿಡಿದುಕೊಳ್ಳದಿದ್ದರೆ ಪಾತ್ರೆಯೂ ಸೌಟಿನ ಜೊತೆ ತಿರುಗುವುದಿಲ್ಲವೇ, ಹಾಗೆ ಬಟ್ಟಲು ಅಯಸ್ಕಾಂತಕ್ಕೆ ಅಂಟಿಕೊಂಡು ತಿರುಗತೊಡಗಿತು. ಸುರುಳಿ ಸ್ಪ್ರಿಂಗ್‌ಗೆ ಅದನ್ನು ಹಿಂದಕ್ಕೆ ಎಳೆಯುವ ಶಕ್ತಿ ಉಳಿಯಲಿಲ್ಲ.

ಅಲ್ಲಿಗಾದರೂ ಕೈ ಬಿಡಬೇಕಿತ್ತು. ಮನೆಗೆ ಬಂದು, ಗಾಜನ್ನು ಹಿಡಿದಿದ್ದ ಮಡಚಿದ ರಿಮ್ಮನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆದು, ಎಣ್ಣೆ ಹೋಗಲೆಂದು ಒಳಗೆ ಪೆಟ್ರೋಲ್‌ ಸುರಿದೆ. ಎಣ್ಣೆಯೇನೋ ಹೋಯಿತು, ಜೊತೆಗೆ ಕಿಲೋಮೀಟರ್‌ ಚಕ್ರದ ಬಣ್ಣವೂ ಹೋಯಿತು. ಒರೆಸುವಾಗ ಬಟ್ಟೆಯ ನೂಲು ಸುರುಳಿ ಸ್ಪ್ರಿಂಗ್‌ಗೆ ಸಿಕ್ಕಿ ಅದು ಸೊಟ್ಟಗಾಯಿತು.

ಕಡೆಗೆ ಅದನ್ನು ಸರಿ ಮಾಡಿಕೊಟ್ಟವರು ಬೈಕ್‌ ಮೆಕ್ಯಾನಿಕ್‌ ಅಲ್ಲ. ಹಿಂದೆ ಆಟೋರಿಕ್ಷಾಗಳಿಗೆ ಕೇಬಲ್‌ನಿಂದ ತಿರುಗುವ ಬಾಡಿಗೆ ಮೀಟರ್‌ ಇದ್ದ ಕಾಲದಲ್ಲಿ ಅವುಗಳನ್ನು ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯರು. ಮೀಟರನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ, "ಎಣ್ಣೆ ಮೇಲಿಂದ ಬಿಟ್ರಾ ತಮ್ಮಾ?" ಎಂದು ಕೇಳಿದರು. ಹೌದು ಎಂದೆ. ಮೀಟರನ್ನು ಮೇಜಿನ ಮೇಲಿಟ್ಟು, "ಕೇಬಲ್‌ ತಂದಿಲ್ವಾ? ಅದನ್ನ ನೋಡದೆ ಇದನ್ನ ಮುಟ್ಟಲ್ಲ" ಎಂದು ವಾಪಸು ಕಳಿಸಿದರು. ಮರುದಿನ ಕೇಬಲ್‌ ಕೊಟ್ಟಾಗ ಅದನ್ನು ಕನ್ನಡಿಯ ತುಂಡಿನ ಮೇಲೆ ಮಲಗಿಸಿ ಒಂದು ತುದಿಯನ್ನು ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿದರು. ಒಂದು ಜಾಗದಲ್ಲಿ ಕೇಬಲ್‌ ಪ್ರತಿ ಸುತ್ತಿಗೂ ಗಾಜಿನಿಂದ ಮೇಲೆದ್ದು ಟಪ್ಪೆಂದು ಬೀಳುತ್ತಿತ್ತು. ಅಲ್ಲೊಂದು ಮುರುಕು, ಅಂದರೆ ತಂತಿ ಮಡಚಿ ಸೊಟ್ಟಗಾದ ಜಾಗ, ಇತ್ತು. ಮೊದಲ ದಿನದಿಂದಲೂ ನನ್ನ ಮುಳ್ಳನ್ನು ಕುಣಿಸುತ್ತಿದ್ದುದು ಅದೇ.

ಒಣಗಿದ ಅಥವಾ ಮುರುಕಿದ ಕೇಬಲ್‌ ಔಟರ್‌ನೊಳಗೆ ತಡೆದು ನಿಲ್ಲುತ್ತದೆ, ಕೆಳಗಿನಿಂದ ಚಕ್ರ ಅದನ್ನು ತಿರುಚುತ್ತಲೇ ಹೋಗುತ್ತದೆ, ತಿರುಚು ಸಾಕಷ್ಟಾದಾಗ ಫಕ್ಕನೆ ಬಿಡಿಸಿಕೊಂಡು ಜೋರಾಗಿ ತಿರುಗುತ್ತದೆ. ಮುಳ್ಳು ಅದನ್ನು ಇದ್ದಂತೆಯೇ ತೋರಿಸುತ್ತದೆ. ನಿಮ್ಮ ಮೀಟರ್‌ ನಿಜವನ್ನೇ ಹೇಳುತ್ತಿರುವಾಗ ಅದನ್ನು ಯಾಕೆ ಬಿಚ್ಚುತ್ತೀರಿ? ಕಿಲೋಮೀಟರ್‌ ಅಂಕಿಗಳು ಓಡುತ್ತಿವೆ ಎಂದರೆ ಚಕ್ರದ ಬಳಿ ಕೇಬಲನ್ನು ತಿರುಗಿಸುವ ಡ್ರೈವ್‌, ಕೇಬಲ್‌ನ ಚೌಕ ತುದಿಗಳು, ಮೀಟರಿನೊಳಗಿನ ಹಲ್ಲುಚಕ್ರಗಳು ಮೂರೂ ಕೆಲಸ ಮಾಡುತ್ತಿವೆ ಎಂದಾಯಿತು. ಅಂಕಿ ಓಡುತ್ತಿದ್ದು ಮುಳ್ಳು ಸತ್ತಿದ್ದರೆ, ಅಥವಾ ಮುಳ್ಳು ಆಡುತ್ತಿದ್ದು ಅಂಕಿ ನಿಂತಿದ್ದರೆ ಮಾತ್ರ ಮೀಟರನ್ನು ಅನುಮಾನಿಸಬೇಕು. ಎರಡೂ ನಿಂತಿದ್ದರೆ ಕೇಬಲ್‌ ತುಂಡಾಗಿದೆ ಅಥವಾ ಡ್ರೈವ್‌ ಸವೆದಿದೆ.

ಆದ್ದರಿಂದ ಮೀಟರ್‌ ಕಡೆಯಿಂದ ಕೇಬಲ್‌ ಕಳಚಿ, ಮುಂದಿನ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ, ಮೇಲಿನ ಚೌಕ ತುದಿ ತಡವರಿಸದೆ ತಿರುಗುತ್ತದೆಯೇ ನೋಡಿ. ಬಳಿಕ ಒಳಗಿನ ಕೇಬಲನ್ನು ಪೂರ್ತಿ ಎಳೆದು ಗಾಜಿನ ಮೇಲೆ ಹೊರಳಿಸಿ. ಮುರುಕು ಕಂಡರೆ ನೆಟ್ಟಗೆ ಮಾಡಲು ಹೋಗಬೇಡಿ, ಬಿಸಾಡಿ. ಮುರುಕಿಲ್ಲದಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಕೆಳಗಿನ ಮೂರರಲ್ಲಿ ಎರಡು ಭಾಗಕ್ಕೆ ಮಾತ್ರ ಗ್ರಾಫೈಟ್‌ ಗ್ರೀಸ್‌ ಸವರಿ, ಸವರಿದ್ದನ್ನು ಬಟ್ಟೆಯಿಂದ ಇನ್ನೇನೂ ಉಳಿದಿಲ್ಲ ಎನ್ನಿಸುವವರೆಗೆ ಒರೆಸಿ. ಮೇಲ್ತುದಿಯ ಒಂದು ಗೇಣು ಪೂರ್ತಿ ಒಣಗಿರಲಿ. ಎಂಜಿನ್‌ ಆಯಿಲ್‌ ಬೇಡ, ತೆಂಗಿನೆಣ್ಣೆಯೂ ಬೇಡ. ಕೇಬಲ್‌ ಸ್ಪ್ರೇಯ ಡಬ್ಬಿಯನ್ನು ಯಾರಾದರೂ ಸಲಹೆ ಮಾಡಿದರೆ ಧನ್ಯವಾದ ಹೇಳಿ ಬದಿಗಿಡಿ.

ಹೊಸ ಕೇಬಲ್‌ ಕೊಳ್ಳುವುದಾದರೆ ಉದ್ದ ನೋಡಿ ಕೊಳ್ಳಿ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಿಂದ ತಂದದ್ದರ ಒಳತಂತಿ ಸ್ವಲ್ಪವೇ ಉದ್ದವಾಗಿತ್ತು. ಹಾಗೇ ಬಿಗಿದಿದ್ದರೆ ಅದು ಅಯಸ್ಕಾಂತವನ್ನು ಮೇಲಕ್ಕೆ ಒತ್ತಿ ಬಟ್ಟಲಿಗೆ ಉಜ್ಜಿಸುತ್ತಿತ್ತು. ಎರಡೂ ತುದಿ ಜೋಡಿಸಿದ ಮೇಲೆ ಒಳತಂತಿಗೆ ಒಂದೆರಡು ಮಿಲಿಮೀಟರ್‌ ಮೇಲೆ ಕೆಳಗೆ ಆಡಲು ಜಾಗವಿರಬೇಕು. ಹ್ಯಾಂಡಲ್‌ ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ, ಫೋರ್ಕ್‌ ಒತ್ತಿದಾಗಲೂ ಔಟರ್‌ ಎಲ್ಲಿಯೂ ಬಿಗಿಯಾಗಿ ಬಾಗಬಾರದು. ಹಳೆಯ ಹ್ಯಾಂಡಲ್‌ ತೆಗೆದು ಎತ್ತರದ್ದನ್ನು ಹಾಕಿಸಿದ ಗಾಡಿಗಳಲ್ಲಿ ಇದೊಂದೇ ಕಾರಣಕ್ಕೆ ಮುಳ್ಳು ಕುಣಿಯುವುದನ್ನು ನಾನು ಕಂಡಿದ್ದೇನೆ.

ಹೊಸ ಮೀಟರ್‌ ಹಾಕಿಸುವ ವಿಚಾರ ನನಗೆ ಮೊದಲಿಂದಲೂ ಹಿಡಿಸದು. ಕೆಟ್ಟ ಕೇಬಲ್‌ನ ಮೇಲೆ ಕೂರಿಸಿದರೆ ಹೊಸ ಮೀಟರೂ ಕುಣಿಯುತ್ತದೆ, ಜೊತೆಗೆ ಆ ಗಾಡಿ ಇಷ್ಟು ವರ್ಷ ಓಡಿದ ಲೆಕ್ಕ ಸೊನ್ನೆಯಾಗುತ್ತದೆ. ನನ್ನ ಮೀಟರ್‌ ಈಗ ಸರಿಯಾಗಿಯೇ ನಡೆಯುತ್ತಿದೆ. ಆ ಹಿರಿಯರು ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಅರ್ಧ ದಿನ ಕೂತು ನೆಟ್ಟಗೆ ಮಾಡಿದರು, ಸೊನ್ನೆಯನ್ನೂ ಹೊಂದಿಸಿದರು. ಆದರೆ ಹತ್ತರ ಸ್ಥಾನದ ಚಕ್ರದಲ್ಲಿ 4 ಅಂಕಿ ಪೆಟ್ರೋಲಿಗೆ ಅಳಿಸಿಹೋದದ್ದು ಹಾಗೇ ಉಳಿದಿದೆ. ಪ್ರತಿ ನೂರು ಕಿಲೋಮೀಟರಿಗೆ ಒಮ್ಮೆ, ಹತ್ತು ಕಿಲೋಮೀಟರ್‌ ದೂರದವರೆಗೆ, ಅಲ್ಲೊಂದು ಖಾಲಿ ಕಿಟಕಿ ಕಾಣುತ್ತದೆ.