ಪಟ್ಟಿ ಬಿಗಿಯುವ ಮುನ್ನ ಬೆನ್ನು ನೋಡಿ

(ಕುದುರೆ ಸಾಕುವವರ, ಸವಾರಿ ಕಲಿಯುವವರ ಪ್ರಶ್ನೆಗಳಿಗೆ ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದ ನಿವೃತ್ತ ದಫೇದಾರರೊಬ್ಬರ ಉತ್ತರ)

ಪ್ರಶ್ನೆ: ರೇಸಿನಿಂದ ಬಿಡುಗಡೆಯಾದ ಹೆಣ್ಣು ಕುದುರೆಯೊಂದನ್ನು ತೋಟಕ್ಕೆ ತಂದಿದ್ದೇವೆ. ಮೈ ಸವರಿದರೆ ಸುಮ್ಮನಿರುತ್ತದೆ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಮಾತ್ರ ಕಿವಿ ಹಿಂದಕ್ಕೆ ಮಲಗಿಸಿ ಕಚ್ಚಲು ಬರುತ್ತದೆ. ‘ಎರಡು ಬಾರಿಸಿದರೆ ಸರಿಹೋಗುತ್ತದೆ’ ಎನ್ನುತ್ತಾರೆ ನಮ್ಮ ಯಜಮಾನರು. ಏನು ಮಾಡಲಿ?
– ಓದುಗರು, ಮೂಡಿಗೆರೆ

ಉತ್ತರ: ಮೊದಲು ಚಾವಟಿಯನ್ನು ಯಜಮಾನರ ಕೈಗೆ ಸಿಗದ ಕಡೆ ಇಡಿ. ಕುದುರೆಗೆ ಕಳ್ಳಬುದ್ಧಿಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಲಾಯದ ಚಿಲಕವನ್ನು ತುಟಿಯಿಂದಲೇ ಜಾರಿಸಿ, ಪಕ್ಕದ ಲಾಯದ ಹುರುಳಿ ತಿಂದು ಬರುತ್ತಿದ್ದ ಗಂಡು ಕುದುರೆ ನಮ್ಮಲ್ಲೇ ಇತ್ತು. ಆದರೆ ಪಟ್ಟಿ ಬಿಗಿಯುವಾಗ ಕಚ್ಚುವುದು ಕಳ್ಳತನವಲ್ಲ, ದೂರು.

ರೇಸಿನ ಕುದುರೆಗಳಲ್ಲಿ ಜಠರದ ಹುಣ್ಣು ಬಹಳ ಸಾಮಾನ್ಯ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಸದಾ ಸುರಿಯುತ್ತಲೇ ಇರುತ್ತದೆ. ದಿನವಿಡೀ ಮೇಯಬೇಕಾದ ಪ್ರಾಣಿಗೆ ಹುಲ್ಲು ಕಡಿಮೆ, ಕಾಳು ಹೆಚ್ಚು ಹಾಕಿ ಓಡಿಸಿದರೆ ಆ ಆಮ್ಲ ಜಠರದ ಗೋಡೆಯನ್ನೇ ಸುಡುತ್ತದೆ. ಅಂಥ ಕುದುರೆಗೆ ಪಟ್ಟಿ ಬಿಗಿದರೆ ಕಚ್ಚದೆ ಇನ್ನೇನು ಮಾಡೀತು? ಪಶುವೈದ್ಯರಿಗೆ ತೋರಿಸಿ. ಸವಾರಿಗೆ ಮುನ್ನ ಒಂದಿಷ್ಟು ಒಣಹುಲ್ಲು ತಿನ್ನಲು ಬಿಡಿ. ಖಾಲಿ ಹೊಟ್ಟೆಯಲ್ಲಿ ಹೊರಡಿಸಬೇಡಿ.

ವೈದ್ಯರು ಬರುವವರೆಗೆ ನಿಮ್ಮ ಕೈಗೂ ಒಂದು ಕೆಲಸವಿದೆ. ಕತ್ತು ಮುಗಿದು ಬೆನ್ನು ಆರಂಭವಾಗುವಲ್ಲಿ ಎದ್ದು ನಿಂತ ಮೂಳೆಯನ್ನು ನಾವು ಹೆಗಲುಬ್ಬು ಎನ್ನುತ್ತೇವೆ. ಅದರ ಎರಡೂ ಬದಿಯನ್ನು ಬೆಳಕಿನಲ್ಲಿ ನೋಡಿ. ಕಂದು ಮೈಯಲ್ಲಿ ಅಲ್ಲಿ ಮಾತ್ರ ಕಾಸಿನಗಲ ಬಿಳಿ ಕೂದಲು ಬೆಳೆದಿದೆಯೇ? ಎಷ್ಟೋ ಜನ ಅದನ್ನು ಹುಟ್ಟುಮಚ್ಚೆ ಎಂದುಕೊಳ್ಳುತ್ತಾರೆ. ಹಿಂದೆಂದೋ ಹೊಂದದ ಜೀನು ಒತ್ತಿ, ಕೂದಲಿಗೆ ಬಣ್ಣ ಕೊಡುವ ಬೇರೇ ಸತ್ತುಹೋದ ಗುರುತು ಅದು. ನಂತರ ಬೆನ್ನುಮೂಳೆಯ ಎರಡೂ ಪಕ್ಕದ ಮಾಂಸದ ಮೇಲೆ ಬೆರಳಿನ ತುದಿಯನ್ನಲ್ಲ, ಅಂಗೈಯನ್ನು ಊರಿ, ಮುಂದಿನಿಂದ ಹಿಂದಕ್ಕೆ ನಿಧಾನವಾಗಿ ಸಾಗಿ. ಒಂದೇ ಜಾಗಕ್ಕೆ ಬಂದಾಗಲೆಲ್ಲ ಚರ್ಮ ಅದುರಿದರೆ, ಬೆನ್ನು ಕುಸಿದರೆ, ಜೀನು ಕೆಳಗಿಳಿಸಿ. ಆ ದಿನ ಸವಾರಿ ಇಲ್ಲ.

ಬೆನ್ನು, ಹೊಟ್ಟೆ ಎರಡೂ ಚೆನ್ನಾಗಿವೆ ಎಂದು ಗೊತ್ತಾದ ಮೇಲೂ ಜೀನು ಹಾಕುವ ಕೆಲಸವನ್ನು ಹೊಸದಾಗಿ ಆರಂಭಿಸಿ. ಕುದುರೆಯನ್ನು ಹಾಲ್ಟರ್‌ನಿಂದ (ಕಡಿವಾಣವಿಲ್ಲದ ಮುಖಪಟ್ಟಿ) ಕಟ್ಟಿ. ಲಗಾಮಿನಿಂದ ಕಟ್ಟಿದರೆ ಬೆದರಿ ಜಗ್ಗಿದಾಗ ಕಡಿವಾಣ ಬಾಯಿಯನ್ನೇ ಸೀಳುತ್ತದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ. ಖರಾರವನ್ನು, ಅಂದರೆ ಮೈ ಉಜ್ಜುವ ಹಲ್ಲಿನ ಬ್ರಷ್ಷನ್ನು, ಮಾಂಸ ತುಂಬಿದ ಕಡೆ ಮಾತ್ರ ಸುತ್ತುಸುತ್ತಾಗಿ ಆಡಿಸಿ. ಮುಖಕ್ಕೂ ಮೊಣಕಾಲಿನ ಕೆಳಗೂ ಬೇಡ. ನಿಮ್ಮ ಕಡೆ ಮಳೆಗಾಲ ಉದ್ದ. ಮುಂಗಾಲಿನ ಮೊಣಕೈ ಹಿಂದೆ, ಪಟ್ಟಿ ಕೂರುವ ಜಾಗದಲ್ಲಿ ಒಣಗಿದ ಒಂದು ಚಿಟಿಕೆ ಕೆಸರು ಉಳಿದರೂ ಅರ್ಧ ಗಂಟೆಯಲ್ಲಿ ಚರ್ಮ ಕೀಳುತ್ತದೆ. ಅಲ್ಲಿ ಬ್ರಷ್ ಸಾಲದು, ಕೈಯಿಂದಲೇ ಮುಟ್ಟಿ ನೋಡಬೇಕು. ಗೊರಸಿನ ಅಡಿಯ ಕೊಳೆಯನ್ನು ಕೊಕ್ಕೆಯಿಂದ ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆದು ತೆಗೆಯಿರಿ. ನಡುವಿನ ಮೆತ್ತನೆಯ ತ್ರಿಕೋನಕ್ಕೆ ಕೊಕ್ಕೆಯ ಮೊನೆ ತಾಗಬಾರದು.

ನಮ್ದಾವನ್ನು (ಜೀನಿನಡಿ ಹಾಸುವ ದಪ್ಪ ಬಟ್ಟೆ) ಹೆಗಲುಬ್ಬಿಗಿಂತ ತುಸು ಮುಂದೆಯೇ ಇಟ್ಟು ಹಿಂದಕ್ಕೆ ಜಾರಿಸಿ, ಕೂದಲು ಹಾಸಿಕೊಂಡು ಮಲಗುತ್ತದೆ. ಹೆಚ್ಚು ಹಿಂದೆ ಹೋದರೆ ಮುಂದಕ್ಕೆ ತಳ್ಳಬೇಡಿ. ಪೂರ್ತಿ ಎತ್ತಿ ಮತ್ತೆ ಮುಂದಿನಿಂದ ಜಾರಿಸಿ. ಜೀನನ್ನು ಮೇಲಿನಿಂದ ಬೀಳಿಸದೆ ಮೆಲ್ಲಗೆ ಇಳಿಸಿ. ಅದು ಭುಜದ ಮೂಳೆಯ ಹಿಂದೆ ಕೂರಬೇಕು. ಮುಂದೆ ಕೂತರೆ ಪ್ರತಿ ಹೆಜ್ಜೆಗೂ ಭುಜ ಅದಕ್ಕೆ ಬಡಿಯುತ್ತದೆ. ಹಿಂದಿನ ಅಂಚು ಕೊನೆಯ ಪಕ್ಕೆಲುಬನ್ನು ದಾಟಬಾರದು. ಅದರಾಚೆ ಸೊಂಟಕ್ಕೆ ಭಾರ ಹೊರುವ ಆಸರೆಯಿಲ್ಲ. ಈಗ ನಮ್ದಾವನ್ನು ಜೀನಿನ ಕಮಾನಿನೊಳಕ್ಕೆ ಎತ್ತಿ ಬಿಡಿ. ಹೆಗಲುಬ್ಬಿನ ಮೇಲೆ ಎರಡು ಮೂರು ಬೆರಳು ಆಡುವಷ್ಟು ಗಾಳಿ ಇರಬೇಕು, ನೀವು ಹತ್ತಿ ಕೂತ ಮೇಲೂ.

ಇನ್ನು ಹೊಟ್ಟೆಪಟ್ಟಿ. ಎಡವಟ್ಟೆಲ್ಲ ಆಗುವುದು ಇಲ್ಲಿ. ಬಲಗಡೆಯ ಬಕಲ್ ಮೊದಲು ಹಾಕಿ, ಮುಂದಿನಿಂದ ಸುತ್ತಿ ಎಡಗಡೆಗೆ ಬನ್ನಿ. ಪಟ್ಟಿಯನ್ನು ಹೊಟ್ಟೆಗೆ ತಾಗುವಷ್ಟು ಮಾತ್ರ ಸೇರಿಸಿ, ನಿಲ್ಲಿಸಿ. ತಲೆಪಟ್ಟಿ, ಕಡಿವಾಣಗಳನ್ನು ಹಾಕಿ. ಮತ್ತೆ ಬಂದು ಒಂದು ತೂತು ಏರಿಸಿ. ಮುಂಗಾಲುಗಳನ್ನು ಒಂದೊಂದಾಗಿ ಹಿಡಿದು ಮುಂದಕ್ಕೆ ಎಳೆದರೆ ಪಟ್ಟಿಯಡಿ ಸುಕ್ಕಾದ ಚರ್ಮ ಬಿಡಿಸಿಕೊಳ್ಳುತ್ತದೆ. ಹತ್ತು ಹೆಜ್ಜೆ ನಡೆಸಿ. ಕೆಲವು ಕುದುರೆಗಳು ಪಟ್ಟಿ ಕಂಡೊಡನೆ ಎದೆ ಉಬ್ಬಿಸುತ್ತವೆ, ನಡೆದಾಗ ಉಸಿರು ಬಿಡುತ್ತವೆ. ಆಗ ಮತ್ತೊಂದು ತೂತು. ದಸರಾ ಮೆರವಣಿಗೆಯ ದಿನ ಲಾಯದಲ್ಲೇ ಬಿಗಿದು ಬಂದವರೂ ಅರಮನೆಯ ಅಂಗಳ ತಲುಪಿದ ಮೇಲೆ ಇನ್ನೊಮ್ಮೆ ಪಟ್ಟಿಯೊಳಗೆ ಬೆರಳು ತೂರಿಸಿ ನೋಡುತ್ತಿದ್ದೆವು. ಕುಶಾಲತೋಪು ಹಾರಿದಾಗ ಕುದುರೆ ಪಕ್ಕಕ್ಕೆ ಚಿಮ್ಮಿದರೆ ಜೀನಿನ ಜೊತೆಗೆ ನಾವೂ ಹೊಟ್ಟೆಯಡಿಗೆ ಹೋಗಬಾರದಲ್ಲ.

ನಿಮ್ಮ ಕುದುರೆಯ ವಿಷಯದಲ್ಲಿ ಇನ್ನೊಂದು ಮಾತು. ರೇಸಿನ ಜೀನು ಹಗುರ, ಅಂಗೈ ಮೇಲೆ ಎತ್ತಿ ಹಿಡಿಯಬಹುದು. ಸಾಮಾನ್ಯ ಸವಾರಿಯ ಜೀನು ಅದಕ್ಕೆ ಹೊಸ ಹೊರೆ. ಕೆಲವು ದಿನ ಜೀನು ಹಾಕಿ ಕೈಯಲ್ಲಿ ಹಿಡಿದು ನಡೆಸಿ, ಹತ್ತಬೇಡಿ. ಯಜಮಾನರಿಗೆ ಅವಸರವಿದ್ದರೆ ಜೀಪು ಇದೆಯಲ್ಲ.

ಪ್ರಶ್ನೆ: ಎಲ್ಲರೂ ಎಡಗಡೆಯಿಂದಲೇ ಏಕೆ ಜೀನು ಕಟ್ಟುತ್ತಾರೆ, ಹತ್ತುತ್ತಾರೆ?
– ವಿದ್ಯಾರ್ಥಿ, ಮಂಡ್ಯ

ಉತ್ತರ: ಬಲಗೈ ಬಂಟನ ಕತ್ತಿ ಎಡಗಡೆ ತೂಗುತ್ತಿತ್ತು. ಬಲಗಡೆಯಿಂದ ಹತ್ತಿದರೆ ಒರೆ ಕಾಲಿಗೆ ತೊಡರುತ್ತಿತ್ತು ಎಂಬುದು ರೂಢಿಯ ವಿವರಣೆ. ಈಗ ಕತ್ತಿಯಿಲ್ಲ, ಅಭ್ಯಾಸ ಉಳಿದಿದೆ. ಎರಡೂ ಕಡೆಯಿಂದ ಹತ್ತಲು ಕುದುರೆಯನ್ನು ಪಳಗಿಸುವುದೇ ಒಳ್ಳೆಯದು, ಬೆನ್ನು ಒಂದೇ ಕಡೆ ತಿರುಚಿಕೊಳ್ಳುವುದು ತಪ್ಪುತ್ತದೆ. ಯಾವ ಕಡೆಯಿಂದಾದರೂ ಮಾತನಾಡಿಸುತ್ತಾ ಭುಜದ ಹತ್ತಿರಕ್ಕೆ ಹೋಗಿ. ಕುದುರೆಗೆ ನೇರ ಹಿಂದಿನದೂ ಹಣೆಯ ಮುಂದಿನದೂ ಕಾಣುವುದಿಲ್ಲ.

ಪ್ರಶ್ನೆ: ನನ್ನ ತೂಕ 92 ಕಿಲೋ. ಸ್ನೇಹಿತರ ಬಳಿ ಕಾಠಿಯಾವಾಡಿ (ಗುಜರಾತಿನ ತಳಿ) ಕುದುರೆ ಇದೆ. ಕಲಿಯಬಹುದೇ?
– ಓದುಗರು, ದಾವಣಗೆರೆ

ಉತ್ತರ: ಸವಾರ, ಜೀನು ಸೇರಿ ಕುದುರೆಯ ತೂಕದ ಶೇಕಡ 20 ಮೀರಬಾರದು ಎಂಬುದು ಒಂದು ಒಪ್ಪಿತ ಅಂದಾಜು. ಆ ಕುದುರೆ 350 ಕಿಲೋ ಇದ್ದರೆ ಅದರ ಪಾಲಿಗೆ ಬರುವುದು 70. ಕಲಿಯಿರಿ, ಆದರೆ ಬೇರೆ ದೊಡ್ಡ ಕುದುರೆಯ ಮೇಲೆ. ಸ್ನೇಹಿತರ ಕುದುರೆಗೆ ಖರಾರ ಹೊಡೆದುಕೊಡಿ, ಅದೂ ಕಲಿಕೆಯೇ.

ಪ್ರಶ್ನೆ: ಇಲ್ಲಿ ಮಗಳು ಕೌಬಾಯ್ ಜೀನಿನಲ್ಲಿ ಸವಾರಿ ಕಲಿಯುತ್ತಿದ್ದಾಳೆ. ಅದಕ್ಕೆ ಎರಡು ಹೊಟ್ಟೆಪಟ್ಟಿ. ಯಾವುದು ಮೊದಲು ಎಂಬ ಗೊಂದಲ.
– ಕನ್ನಡಿಗ ತಾಯಿ, ಆಸ್ಟಿನ್, ಟೆಕ್ಸಾಸ್

ಉತ್ತರ: ಹಾಕುವಾಗ ಮುಂದಿನದು ಮೊದಲು, ಬಿಚ್ಚುವಾಗ ಹಿಂದಿನದು ಮೊದಲು. ತಿರುವುಮುರುವಾಗಿ ಮಾಡಿ ನಡುವೆ ಕುದುರೆ ಬೆದರಿದರೆ ಜೀನು ಹಿಂದಿನ ಪಟ್ಟಿಯೊಂದರಿಂದಲೇ ನೇತಾಡುತ್ತಾ ಹೊಟ್ಟೆಯಡಿಗೆ ಜಾರುತ್ತದೆ, ಆಮೇಲೆ ಒದೆತ ನಿಲ್ಲುವುದಿಲ್ಲ. ಹಿಂದಿನದು ಹೊಟ್ಟೆಗೆ ತಾಗಿರಲಿ, ಬಿಗಿಯಬೇಡಿ. ಕಾಲು ಸಿಕ್ಕುವಷ್ಟು ಜೋತೂ ಬೀಳದಿರಲಿ. ಎರಡನ್ನೂ ಹೊಟ್ಟೆಯಡಿ ಸೇರಿಸುವ ಸಣ್ಣ ಪಟ್ಟಿ ಇದೆಯೇ ಎಂದು ಪ್ರತಿ ಸಲ ಬಗ್ಗಿ ನೋಡಲಿ. ಆ ಜೀನು 15 ಕಿಲೋ ತೂಗುವುದು ಸಾಮಾನ್ಯ. ಎತ್ತಿ ಹಾಕಲು ದೊಡ್ಡವರು ಕೈಜೋಡಿಸಿ, ಮಗು ಎಸೆಯುವುದು ಬೇಡ.

ಪ್ರಶ್ನೆ: ನನ್ನ ಮದುವೆಯ ಮೆರವಣಿಗೆಗೆ ಬಾಡಿಗೆ ಕುದುರೆ ಗೊತ್ತುಮಾಡಿದ್ದಾರೆ. ನಾನು ಎಂದೂ ಕುದುರೆ ಹತ್ತಿದವನಲ್ಲ. ಹತ್ತುವ ಮೊದಲು ಏನು ನೋಡಬೇಕು?
– ಮದುಮಗ, ಹುಬ್ಬಳ್ಳಿ

ಉತ್ತರ: ಜರತಾರಿ ಹೊದಿಕೆಯನ್ನು ಎತ್ತಿಸಿ ನೋಡಿ. ಎಷ್ಟೋ ಕಡೆ ಅದರಡಿ ಸರಿಯಾದ ಜೀನೇ ಇರುವುದಿಲ್ಲ, ಮಡಚಿದ ಗೋಣಿಯ ಮೇಲೆ ಹಗ್ಗ ಬಿಗಿದಿರುತ್ತಾರೆ. ಹುಣ್ಣಿನ ವಾಸನೆ ನಿಮಗೇ ತಿಳಿಯುತ್ತದೆ. ನಂತರ ಬಾಯಿ. ತುಟಿಯ ಮೂಲೆಯಲ್ಲಿ ರಕ್ತವಿದ್ದರೆ, ಒಣಗಿದ ಗಾಯವಿದ್ದರೆ ಕಡಿವಾಣವನ್ನು ತೆಗೆಸಿ ಕೈಯಲ್ಲಿ ಹಿಡಿದು ನೋಡಿ. ಕಬ್ಬಿಣದ ಮೇಲೆ ಮೊಳೆಯಂಥ ಮುಳ್ಳುಗಳು ಸಿಗಬಹುದು. ಮುಳ್ಳಿನ ಕಡಿವಾಣವನ್ನು 1965ರ ಎಳೆಯುವ, ಹೊರುವ ಪ್ರಾಣಿಗಳ ಹಿಂಸೆ ತಡೆ ನಿಯಮಗಳೇ ನಿಷೇಧಿಸಿವೆ. ಮಾಲೀಕ ‘ಇಲ್ಲದಿದ್ದರೆ ಕುದುರೆ ಹತೋಟಿಗೆ ಬರುವುದಿಲ್ಲ ಸ್ವಾಮಿ’ ಎನ್ನುತ್ತಾನೆ. ಪಟಾಕಿ, ಡಿ.ಜೆ. ನಡುವೆ ನೋವಿನಿಂದಷ್ಟೇ ನಿಲ್ಲುವ ಕುದುರೆಯ ಮೇಲೆ ನೀವೇಕೆ ಕೂರಬೇಕು?

ಎಲ್ಲವೂ ಸರಿಯಿದ್ದರೆ ಪಟಾಕಿ ನಿಲ್ಲಿಸಿ, ರಿಕಾಬಿನಲ್ಲಿ (ಕಾಲಿಡುವ ಬಳೆ) ಪಾದದ ಮುಂಭಾಗ ಮಾತ್ರ ಇಟ್ಟು, ಹಿಮ್ಮಡಿ ಕೆಳಗೆ ಒತ್ತಿ ಕೂರಿ. ಪಾದ ಪೂರ್ತಿ ಒಳಗೆ ಹೋದರೆ ಬಿದ್ದಾಗ ಸಿಕ್ಕಿಕೊಂಡು ಎಳೆಸಿಕೊಳ್ಳುತ್ತೀರಿ. ಸರಿಯಿಲ್ಲದಿದ್ದರೆ ಬಾಡಿಗೆ ಕೊಟ್ಟು ಕುದುರೆಯನ್ನು ಮನೆಗೆ ಕಳಿಸಿ, ಕಾರಿನಲ್ಲಿ ಹೋಗಿ. ಮಾವನವರು ಕೇಳಿದರೆ ನನ್ನ ಹೆಸರು ಹೇಳಿ.