ಶೇಂಗಾ ಬೀಜ ಎತ್ತುವ ಬೆರಳಿನಿಂದ ಶುರುಮಾಡಿ

ಪ್ರಿಯ ಲೇಖಕರೇ,

‘ಮೆದುಳಿನ ಅಪ್ಪಣೆ’ ಲೇಖನ ತಲುಪಿತು. ದಾವಣಗೆರೆಯ ಮಂಡಕ್ಕಿ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಪ್ರಸಂಗ ಹಿಡಿದು, ನಾವು ಅಂದುಕೊಂಡಂತೆ ಕೈಕಾಲು ಆಡುವುದು ಹೇಗೆಂದು ಹೇಳಹೊರಟಿದ್ದೀರಿ. ವಿಷಯ ಒಳ್ಳೆಯದು, ಭಾಷೆ ಸರಾಗವಾಗಿದೆ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು.

ದೊಡ್ಡ ತೊಡಕು ನಿಮ್ಮ ಕರೆಂಟಿನ ಹೋಲಿಕೆ. ಮೆದುಳು ಪವರ್ ಸ್ಟೇಷನ್, ನರ ತಂತಿ, ಸ್ನಾಯು ಬಲ್ಬು ಎಂದು ಮೂರು ಪುಟ ಎಳೆದಿದ್ದೀರಿ. ತಂತಿ ಒಂದೇ ಆಗಿದ್ದರೆ, ಅದು ಕಡಿದಾಗ ಎಲ್ಲ ಚಲನೆಯೂ ಒಟ್ಟಿಗೇ ನಿಲ್ಲಬೇಕಿತ್ತು. ಹಾಗಾಗುವುದಿಲ್ಲ. ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ದಾರಿಗಳು ಹಲವು, ಒಂದೊಂದರ ಕೆಲಸ ಬೇರೆ. ಲೇಖನದ ಜೀವಾಳವೇ ಇದು. ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ.

ಹೋಲಿಕೆ ಬಿಟ್ಟು ನಿಮ್ಮದೇ ಮಂಡಕ್ಕಿ ತಟ್ಟೆ ನೋಡಿ. ಹಿಡಿ ಮಂಡಕ್ಕಿ ಬಾಚುವಾಗ ಐದೂ ಬೆರಳು ಒಟ್ಟಿಗೆ ಮಡಚುತ್ತವೆ. ತಳದಲ್ಲಿ ಉಳಿದ ಒಂದೇ ಒಂದು ಶೇಂಗಾ ಬೀಜ ಎತ್ತಬೇಕಾದರೆ ಹೆಬ್ಬೆರಳು, ತೋರುಬೆರಳು ಮಾತ್ರ ಕೂಡಬೇಕು, ಮಿಕ್ಕ ಮೂರು ಸುಮ್ಮನಿರಬೇಕು. ಈ ಎರಡನೆಯ ಕೆಲಸಕ್ಕೆ ಮೆದುಳಿನ ಹೊರಪದರವಾದ ಕಾರ್ಟೆಕ್ಸಿನಿಂದ ಬೆನ್ನುಹುರಿಗೆ ಇಳಿಯುವ ಕಾರ್ಟಿಕೋಸ್ಪೈನಲ್ ದಾರಿ ಬೇಕೇ ಬೇಕು. ಅದರ ಕೆಲವು ಎಳೆಗಳು ನಡುವೆ ಯಾರನ್ನೂ ಕೇಳದೆ ಕೈಬೆರಳಿನ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ಮೋಟಾರ್ ನರಕೋಶಗಳನ್ನೇ ಮುಟ್ಟುತ್ತವೆ. ಇನ್ನು ನಿಂತುಕೊಂಡು ತಟ್ಟೆಗೆ ಕೈ ಚಾಚಿದರೆ, ಕೈ ಏಳುವ ತುಸು ಮೊದಲೇ ಬೆನ್ನು, ಕಾಲುಗಳ ಸ್ನಾಯು ಬಿಗಿಯಾಗಿರುತ್ತವೆ, ಇಲ್ಲದಿದ್ದರೆ ಮುಂದಕ್ಕೆ ವಾಲಿಬಿಡುತ್ತೀರಿ. ಇದರಲ್ಲಿ ದೊಡ್ಡ ಪಾಲು ಮೆದುಳಕಾಂಡದಿಂದ ಇಳಿಯುವ ರೆಟಿಕ್ಯುಲೋಸ್ಪೈನಲ್ ದಾರಿಯದು. ಸಮತೋಲಕ್ಕೆ ವೆಸ್ಟಿಬ್ಯುಲೋಸ್ಪೈನಲ್ ದಾರಿಯೂ ಜೊತೆಗಿದೆ.

ಇದಕ್ಕೆ ಆಧಾರವಾಗಿ ವಿಜ್ಞಾನಿಗಳಾದ ಲಾರೆನ್ಸ್ ಮತ್ತು ಕೈಪರ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗ ಸೇರಿಸಿ. ಮಂಗಗಳ ಎರಡೂ ಬದಿಯ ಪಿರಮಿಡ್ ಎಳೆಗಳನ್ನು, ಎಂದರೆ ಕಾರ್ಟಿಕೋಸ್ಪೈನಲ್ ದಾರಿಯನ್ನು, ಕತ್ತರಿಸಿದ ಮೇಲೂ ಅವು ಚೇತರಿಸಿಕೊಂಡು ಓಡಿದವು, ಹತ್ತಿದವು. ಬಿಡಿ ಬೆರಳಾಡಿಸುವುದು ಮಾತ್ರ ಮರಳಲಿಲ್ಲ. ಕೈಯಲ್ಲಿ ಹಿಡಿದ ಆಹಾರದ ತುಣುಕು ಬಿಡಲು ಒದ್ದಾಡುತ್ತಿದ್ದ ಅದೇ ಕೈ, ಹತ್ತುವಾಗ ಪಂಜರದ ಸರಳನ್ನು ಸಲೀಸಾಗಿ ಬಿಡುತ್ತಿತ್ತು! ಓದುಗರು ಮರೆಯಲಾರದ ವಿವರ ಇದು.

ತಿದ್ದಲೇಬೇಕಾದವು ಕೆಲವಿವೆ. ಕಾರ್ಟಿಕೋಸ್ಪೈನಲ್ ದಾರಿ ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡ ಹಾಯುವುದು ನೀವು ಬರೆದಂತೆ ಬೆನ್ನುಹುರಿಯ ಕುತ್ತಿಗೆ ಭಾಗದಲ್ಲಲ್ಲ, ಮೆದುಳಕಾಂಡದ ಕೆಳಭಾಗವಾದ ಮೆಡುಲ್ಲಾದ ಕೆಳತುದಿಯಲ್ಲಿ. ಅಲ್ಲಿ ದಾಟುವುದು ಶೇ. 75ರಿಂದ 90ರಷ್ಟು ಎಳೆಗಳು. ಉಳಿದವುಗಳಲ್ಲಿ ಬಹುಪಾಲು ಅದೇ ಬದಿಯಲ್ಲಿ ಇಳಿದು ಮುಖ್ಯವಾಗಿ ಮುಂಡದ ಸ್ನಾಯುಗಳಿಗೆ ಹೋಗುತ್ತವೆ. ಒಂದು ಬದಿಯ ಸುಮಾರು 10 ಲಕ್ಷ ಎಳೆಗಳೂ ಕಾರ್ಟೆಕ್ಸಿನ ಭಾರೀ ಗಾತ್ರದ ನರಕೋಶಗಳಾದ ಬೆಟ್ಜ್ ಕೋಶಗಳಿಂದಲೇ ಹೊರಡುತ್ತವೆ ಎಂದಿದ್ದೀರಿ. ಅವುಗಳ ಪಾಲು ಶೇ. 3ರ ಆಸುಪಾಸು.

‘ಲಕ್ವ ಹೊಡೆದ ಕೂಡಲೇ ಕೈ ಸೆಟೆದುಕೊಂಡಿತು’ ಎಂಬುದೂ ಸರಿಯಲ್ಲ. ಸಾಮಾನ್ಯವಾಗಿ ಮೊದಲು ಕೈ ಜೋತುಬೀಳುತ್ತದೆ, ಮೇಲಿನಿಂದ ಬರುತ್ತಿದ್ದ ಪ್ರಚೋದನೆ ಹಠಾತ್ತನೆ ತಪ್ಪಿ ಬೆನ್ನುಹುರಿಯ ಕೋಶಗಳು ಮಂಕಾಗುವುದರಿಂದ. ಬಿಗಿತ ಬರುವುದು ದಿನಗಳು, ವಾರಗಳು ಕಳೆದಂತೆ, ಕಡಿವಾಣವಿಲ್ಲದ ಪ್ರತಿವರ್ತನೆಗಳು ಜೋರಾದಾಗ. ಆಗ ಮೊಣಕೈ ಮಡಚಿಕೊಳ್ಳುತ್ತದೆ, ಕಾಲು ನೆಟ್ಟಗೆ ಸೆಟೆಯುತ್ತದೆ.

ರಾತ್ರಿ ಎಣ್ಣೆ ತಿಕ್ಕಿ ಬೆಳಿಗ್ಗೆ ಆಸ್ಪತ್ರೆಗೆ ಒಯ್ದರು ಎಂದು ಬರೆದು ಸುಮ್ಮನಾಗಿದ್ದೀರಿ. ಇದನ್ನು ಹಾಗೇ ಬಿಡಬೇಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ವ ಹೊಡೆದ 4.5 ಗಂಟೆಯೊಳಗೆ ಕೊಡುವಂಥದ್ದು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲವೆಂದು ಖಚಿತವಾಗಬೇಕು. ಚಿತ್ರದುರ್ಗದ ಹಳ್ಳಿಯಿಂದ ಹೊರಟವರಿಗೆ ದಾರಿಯ ಹೊತ್ತೂ ಇದರಲ್ಲೇ ಸೇರುತ್ತದೆ. ಈ ಮಾತು ಲೇಖನದ ಮಧ್ಯದಲ್ಲೇ, ಎದ್ದು ಕಾಣುವಂತೆ ಬರಲಿ.

ಐದು ಚಿತ್ರಗಳ ಬದಲು ದಾರಿಯ ನಿಲ್ದಾಣಗಳನ್ನು ಮೇಲಿನಿಂದ ಕೆಳಕ್ಕೆ ತೋರಿಸುವ ಒಂದೇ ಸಾಕು: ಕಾರ್ಟೆಕ್ಸ್, ಇಂಟರ್ನಲ್ ಕ್ಯಾಪ್ಸೂಲ್ (ಮೆದುಳಿನೊಳಗೆ ಎಳೆಗಳು ಒತ್ತಾಗಿ ಹಾಯುವ ಜಾಗ), ಪಾನ್ಸ್ (ಮೆದುಳಕಾಂಡದ ನಡುಭಾಗ), ಮೆಡುಲ್ಲಾ, ಬೆನ್ನುಹುರಿ. ದೇಹವನ್ನು ಮುಂದಿನಿಂದ ನೋಡಿದ್ದೋ ಹಿಂದಿನಿಂದಲೋ ಚಿತ್ರದ ಕೆಳಗೆ ಬರೆಯಿರಿ. ಅದನ್ನು ಬರೆಯದ್ದರಿಂದಲೇ ಹಿರಿಯರ ಬಲಗೈ ಬೀಳಲು ಬಲ ಮೆದುಳನ್ನು ಕಾರಣ ಮಾಡಿದ್ದೀರಿ. ಪೆಟ್ಟು ಬಿದ್ದದ್ದು ಎಡಭಾಗಕ್ಕೆ. 900 ಪದದೊಳಗೆ ತಿದ್ದಿ ಕಳಿಸಿ, ಮತ್ತೆ ಓದುತ್ತೇವೆ.

ಸಂಪಾದಕರು